ಚಿನ್ನದ ಊರಿನ ಸೇಬಿನ ಬಜ್ಜಿ

ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ನಮ್ಮ ಮಾರುಕಟ್ಟೆಗಳಲ್ಲಿ ಸೇಬಿನ ಕಾಲ. ಮೊದಲು ಹಿಮಾಚಲ ಪ್ರದೇಶದ ಹಣ್ಣು, ಅದರ ಹಿಂದೆಯೇ ಕಾಶ್ಮೀರದ್ದು ಪೆಟ್ಟಿಗೆಗಳಲ್ಲಿ ಬಂದಿಳಿಯುತ್ತದೆ. ಇಂಗ್ಲೆಂಡಿನಲ್ಲಿಯೂ ಶರತ್ಕಾಲವೆಂದರೆ ಸೇಬು ಕೀಳುವ ಸಮಯ. ಆಗ ಅಲ್ಲಿ ಮಾಡುವ ತಿಂಡಿಗಳಲ್ಲಿ ಒಂದು 'ಆಪಲ್ ಫ್ರಿಟರ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಸೇಬಿನ ಸಿಹಿ ಬಜ್ಜಿ. ಇದೇ ಜಾತಿಯ ತಿಂಡಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹಣ್ಣು ಬದಲಿಸಿಕೊಂಡು ನೆಲೆಯೂರಿತು.

ಫ್ರಿಟರ್ ಬಹಳ ಹಳೆಯದು. 1390ರ ಸುಮಾರಿನಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡನ ಅಡುಗೆಯವರು ಸಂಗ್ರಹಿಸಿದ ಪಾಕ ಗ್ರಂಥದಲ್ಲೇ ಸೇಬಿನ ಫ್ರಿಟರ್ ಇದೆ. ಹಿಟ್ಟು ಹುದುಗಲು ಅವರು ಬಳಸಿದ್ದು ಏಲ್ ಎಂಬ ಮದ್ಯ ಮತ್ತು ಯೀಸ್ಟ್.

ಗಣಿ ಪ್ರದೇಶಕ್ಕೆ ಆಂಗ್ಲ ಅಡುಗೆ ಬಂದದ್ದು ಚಿನ್ನದ ಬೆನ್ನು ಹತ್ತಿ. 1875ರಲ್ಲಿ ಮೈಕೆಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಇಲ್ಲಿ ಗಣಿಗಾರಿಕೆಗೆ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟಿತು. ಅಂದು ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ 1894ರಲ್ಲಿ ಗಣಿಗಳಿಗೆ ರೈಲು ಕವಲು ಹಾದಿ ಬಂದಿತು. ಬಂಗಲೆ, ಕ್ಲಬ್ಬು, ಚರ್ಚುಗಳೆದ್ದು ಊರು 'ಲಿಟಲ್ ಇಂಗ್ಲೆಂಡ್' ಎನಿಸಿಕೊಂಡಿತು. ಸುರಂಗಕ್ಕಿಳಿದು ಬೆವರು ಸುರಿಸಿದವರು ಮಾತ್ರ ಹೆಚ್ಚಾಗಿ ತಮಿಳು, ತೆಲುಗು ನಾಡಿನಿಂದ ಬಂದ ಕಾರ್ಮಿಕರು.

ಈ ಎರಡು ಲೋಕಗಳ ನಡುವೆ ಇದ್ದವು ಆಂಗ್ಲೋ-ಇಂಡಿಯನ್ ಮನೆಗಳು. ಅವರ ಅಡುಗೆಯೂ ಹಾಗೆಯೇ ನಡುವಿನದು. ನಮ್ಮ ಸಾರು ಅಲ್ಲಿ 'ಪೆಪ್ಪರ್ ವಾಟರ್' ಆಯಿತು. ಆಂಗ್ಲರ ಫ್ರಿಟರ್‌ಗೆ ಬಾಳೆಹಣ್ಣು ಒದಗಿತು. ಸೇಬು ದೂರದಿಂದ ಬರುವ, ದುಬಾರಿ ಹಣ್ಣು. ಬಾಳೆ ವರ್ಷವಿಡೀ ಕೈಗೆಟಕುವಂಥದು. ಬಾಳೆಕಾಯಿ ಬಜ್ಜಿ ಬಲ್ಲ ನೆರೆಹೊರೆಗೆ ಅದು ಅಪರಿಚಿತವೆನಿಸುವಂತಿರಲಿಲ್ಲ.

ಸೇಬು ಅಗ್ಗವಾಗುವ ಈ ದಿನಗಳಲ್ಲಿ ಮೂಲ ತಿಂಡಿಯನ್ನೇ ಮನೆಯಲ್ಲಿ ಮಾಡಬಹುದು. ಗಟ್ಟಿಯಾದ, ಸ್ವಲ್ಪ ಹುಳಿಯಿರುವ ಎರಡು ಸೇಬು ಸಾಕು. ಸಿಪ್ಪೆ ತೆಗೆದು, ನಡುವಿನ ಬೀಜದ ಭಾಗ ಬಿಡಿಸಿ, ಕಾಲು ಅಂಗುಲ ದಪ್ಪದ ಬಿಲ್ಲೆಗಳಾಗಿ ಹೆಚ್ಚಬೇಕು. ಗಾಳಿ ತಗಲಿದರೆ ಹೋಳು ಕಂದುತ್ತದೆ. ನಿಂಬೆರಸ ಸವರಿದರೆ ಅದು ತಪ್ಪುತ್ತದೆ. ಒಂದು ಕಪ್ ಮೈದಾ, ಅರ್ಧ ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಒಂದು ಮೊಟ್ಟೆ, ಅರ್ಧ ಕಪ್ ಹಾಲು ಸೇರಿಸಿ ಬಜ್ಜಿಯ ಹದಕ್ಕೆ ಕಲಸಬೇಕು. ಗಟ್ಟಿಯೆನಿಸಿದರೆ ಇನ್ನೆರಡು ಚಮಚ ಹಾಲು. ಮೊಟ್ಟೆ ತಿನ್ನದವರು ಹಾಲಿನ ಬದಲು ಮಜ್ಜಿಗೆ ಬಳಸಬಹುದು. ಹೆಚ್ಚು ಹೊತ್ತು ಕಲಸಬಾರದು. ಮೈದಾದ ಜಿಗುಟು ಬಲಿತು ಮೇಲ್ಪದರ ನಾರಾಗುತ್ತದೆ. ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು. ಇಲ್ಲವಾದರೆ ಹಿಟ್ಟು ಜಾರಿಹೋಗುತ್ತದೆ.

ಎಣ್ಣೆಯ ಕಾವೇ ಮುಖ್ಯ. ಒಂದು ತೊಟ್ಟು ಹಿಟ್ಟು ಬಿಟ್ಟರೆ ಅದು ಕೂಡಲೇ ಮೇಲೆದ್ದು, ನಿಧಾನವಾಗಿ ಕೆಂಪಾಗಬೇಕು. ಕಾವು ಸಾಲದಿದ್ದರೆ ತಿಂಡಿ ಎಣ್ಣೆ ಕುಡಿಯುತ್ತದೆ. ಹೆಚ್ಚಾದರೆ ಹೊರಗೆ ಸೀದು ಒಳಗಿನ ಹಣ್ಣು ಹಸಿಯುಳಿಯುತ್ತದೆ. ಎರಡೂ ಬದಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ತೆಗೆದು, ಸಕ್ಕರೆ ಮತ್ತು ಚಕ್ಕೆ ಪುಡಿ ಉದುರಿಸಿ ಬಿಸಿಯಾಗಿಯೇ ತಿನ್ನಬೇಕು. ಆರಿದರೆ ಹಣ್ಣಿನ ನೀರು ಹೊರಪದರಕ್ಕೆ ಇಳಿದು ಗರಿಗರಿ ಹೋಗುತ್ತದೆ.

ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದವು. 2001ರ ಫೆಬ್ರುವರಿ 28ರಂದು ಮುಚ್ಚಿದವು. ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಅನೇಕವು ಬೆಂಗಳೂರಿಗೆ, ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಚದುರಿಹೋದವು. ಅವರ ಅಡುಗೆ ಬಹುಮಟ್ಟಿಗೆ ತಾಯಿಯಿಂದ ಮಗಳಿಗೆ ಕೈಯಳತೆಯಲ್ಲಿ ದಾಟಿ ಬಂದದ್ದು. ಮನೆ ಒಡೆದರೆ ಇಂಥ ಅಡುಗೆಯ ಕೊಂಡಿಯೂ ಕಳಚುತ್ತದೆ. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆ ಸಮುದಾಯದ ಅಡುಗೆಯನ್ನು ಪುಸ್ತಕಗಳಲ್ಲಿ ದಾಖಲಿಸಿರುವುದರ ಮಹತ್ವ ಇಲ್ಲಿದೆ.

ಕೆಲಸ ಅರಸಿ ಕೆಜಿಎಫ್‌ನ ಜನ ಇಂದಿಗೂ ಬಂಗಾರಪೇಟೆ ಹಾದು ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾರೆ. ಆ ನೆಲದಿಂದ ಅಗೆದ ಚಿನ್ನ ಎಂದೋ ಹೊರಗೆ ಹೋಯಿತು. ಉಳಿದಿರುವ ಅಡುಗೆಯನ್ನು ಬರೆದಿಟ್ಟು ಉಳಿಸಿಕೊಳ್ಳುವುದು ಇನ್ನೂ ನಮ್ಮ ಕೈಯಲ್ಲಿದೆ.