ಅಸಿಂಕ್ರೊನಸ್ ಕ್ರಮವಿಧಿಗೆ ಲಿಂಟ್ ನಿಯಮಗಳ ಕಾವಲು

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಮಗನೋ ಮಗಳೋ ಸೊಸೆಯೋ ಅಳಿಯನೋ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿರುವುದು ಈಗ ಸಾಮಾನ್ಯ ಸಂಗತಿ. ಅವರ ಮಾತುಕತೆಯಲ್ಲಿ ‘ಲಿಂಟ್ ಎರರ್’ ಎಂಬ ಪದ ಅನೇಕರ ಕಿವಿಗೆ ಬಿದ್ದಿರಬಹುದು. ಈ ಲಿಂಟ್ ಎಂದರೇನು, ಅದರ ನಿಯಮಗಳಿಗೂ ನಮ್ಮ ಹಣಕಾಸಿನ ವ್ಯವಹಾರಕ್ಕೂ ಏನು ಸಂಬಂಧ ಎಂಬುದನ್ನು ಗಣಕಶಾಸ್ತ್ರ ಓದದವರಿಗೂ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಸಣ್ಣ ಎಳೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರು ‘ಸಿ’ ಭಾಷೆಯ ಕ್ರಮವಿಧಿಗಳಲ್ಲಿ ಇಂಥ ಎಳೆಗಳನ್ನು ಹೆಕ್ಕಿ ತೋರಿಸುವ ಸಾಧನವೊಂದನ್ನು ರಚಿಸಿ ಈ ಹೆಸರನ್ನಿಟ್ಟರು. ಜಾವಾಸ್ಕ್ರಿಪ್ಟ್ ಭಾಷೆಗಾಗಿ ನಿಕೊಲಸ್ ಜಾಕಾಸ್ ಅವರು 2013ರಲ್ಲಿ ಆರಂಭಿಸಿದ ‘ಇಎಸ್‌ಲಿಂಟ್’ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಕ್ರಮವಿಧಿಯನ್ನು ಓಡಿಸದೆ, ಅದರ ಬರಹವನ್ನಷ್ಟೇ ಓದಿ ದೋಷವನ್ನು ಎತ್ತಿ ತೋರಿಸುವುದು ಇದರ ಕೆಲಸ.

ಟೋಕನ್ನಿನ ಉಪಮೆ

ಹಿಂದೆ ಬ್ಯಾಂಕಿನಲ್ಲಿ ಹಣ ಪಡೆಯುತ್ತಿದ್ದ ಕ್ರಮವನ್ನು ಹಿರಿಯರು ಬಲ್ಲರು. ಚೆಕ್ಕನ್ನು ಕೌಂಟರಿನಲ್ಲಿ ಕೊಟ್ಟರೆ ಹಿತ್ತಾಳೆಯ ಟೋಕನ್ ಕೈಗೆ ಬರುತ್ತಿತ್ತು. ಲೆಡ್ಜರ್ ನೋಡಿ, ಸಹಿ ಹೋಲಿಸಿ, ಅಧಿಕಾರಿಗಳು ಪಾಸು ಮಾಡುವವರೆಗೆ ಗ್ರಾಹಕರು ಬೆಂಚಿನ ಮೇಲೆ ಕಾಯುತ್ತಿದ್ದರು; ಗುಮಾಸ್ತರು ಮುಂದಿನವರನ್ನು ವಿಚಾರಿಸುತ್ತಿದ್ದರು. ಒಂದು ಕೆಲಸ ಮುಗಿಯುವವರೆಗೆ ಉಳಿದವು ನಿಲ್ಲದಿರುವ ಇಂಥ ಪದ್ಧತಿಯೇ ಅಸಿಂಕ್ರೊನಸ್ ಪದ್ಧತಿ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಟೋಕನ್ನಿಗೆ ‘ಪ್ರಾಮಿಸ್’ ಎಂದು ಹೆಸರು. 2015ರ ಆವೃತ್ತಿಯಲ್ಲಿ ಅದು ಭಾಷೆಯ ಅಂಗವಾಯಿತು. ಟೋಕನ್ ಸಂಖ್ಯೆ ಕರೆಯುವವರೆಗೆ ಕಾಯುವುದಕ್ಕೆ ‘ಅವೇಟ್’, ಹಾಗೆ ಕಾಯಬಲ್ಲ ಕಾರ್ಯವನ್ನು ಗುರುತಿಸುವುದಕ್ಕೆ ‘ಅಸಿಂಕ್’ ಎಂಬ ಪದಗಳು 2017ರ ಆವೃತ್ತಿಯಲ್ಲಿ ಸೇರಿದವು. ಟೋಕನ್ನಿನ ಫಲ ಎರಡರಲ್ಲೊಂದು: ಹಣ ಕೈಸೇರುವುದು, ಇಲ್ಲವೇ ಕಾರಣಸಹಿತ ನಿರಾಕರಣೆ.

ಮೂರು ಮುಖ್ಯ ನಿಯಮಗಳು

ಮೊದಲನೆಯದು ‘ನೋ ಫ್ಲೋಟಿಂಗ್ ಪ್ರಾಮಿಸಸ್’. ಟೋಕನ್ ಪಡೆದು, ಅದರ ಫಲವನ್ನು ವಿಚಾರಿಸದೆ ಹೊರಟುಹೋಗಬಾರದು ಎಂಬುದು ಇದರ ತಾತ್ಪರ್ಯ. ಒಂದು ಖಾತೆಯಿಂದ ಹಣ ತೆಗೆಯುವ ಆದೇಶ ಕೊಟ್ಟು, ಕಾಯದೆ ರಸೀದಿ ಮುದ್ರಿಸಿದರೆ, ಹಿಂದಿನಿಂದ ಆ ಆದೇಶ ವಿಫಲವಾದರೂ ರಸೀದಿ ಮಾತ್ರ ‘ಪಾವತಿಯಾಗಿದೆ’ ಎಂದೇ ಹೇಳುತ್ತದೆ. ಹೀಗೆ ಯಾರೂ ವಿಚಾರಿಸದ ನಿರಾಕರಣೆ ಎದುರಾದರೆ ಇಡೀ ಕ್ರಮವಿಧಿಯೇ ನಿಂತುಹೋಗುವಂತೆ ‘ನೋಡ್’ ತಂತ್ರಾಂಶವು 2020ರ 15ನೆಯ ಆವೃತ್ತಿಯಿಂದ ವರ್ತಿಸುತ್ತಿದೆ.

ಎರಡನೆಯದು ‘ನೋ ಮಿಸ್‌ಯೂಸ್ಡ್ ಪ್ರಾಮಿಸಸ್’. ‘ಖಾತೆಯಲ್ಲಿ ಸಾಕಷ್ಟು ಹಣವಿದೆಯೇ?’ ಎಂದು ಕ್ರಮವಿಧಿ ಕೇಳಿದಾಗ ಉತ್ತರದ ಬದಲು ಟೋಕನ್ ಬರುತ್ತದೆ ಎನ್ನೋಣ. ‘ಅವೇಟ್’ ಬರೆಯುವುದು ಬಿಟ್ಟುಹೋದರೆ ಗಣಕವು ಟೋಕನ್ನನ್ನೇ ‘ಹೌದು’ ಎಂದು ಬಗೆಯುತ್ತದೆ. ಆಗ ಬರಿದಾದ ಖಾತೆಯೂ ತುಂಬಿದ ಖಾತೆಯಂತೆಯೇ ಪರೀಕ್ಷೆಯನ್ನು ದಾಟುತ್ತದೆ. ಬಿಟ್ಟುಹೋದದ್ದು ಒಂದೇ ಪದ. ನಷ್ಟ ಮಾತ್ರ ಎಷ್ಟಾದರೂ ಆಗಬಹುದು.

ಮೂರನೆಯದು ‘ಪ್ರಾಮಿಸ್ ಫಂಕ್ಷನ್ ಅಸಿಂಕ್’. ಟೋಕನ್ ಕೊಡುವ ಪ್ರತಿಯೊಂದು ಕಾರ್ಯದ ಮೇಲೂ ‘ಅಸಿಂಕ್’ ಎಂಬ ಗುರುತು ಇರಬೇಕೆಂದು ಇದು ವಿಧಿಸುತ್ತದೆ. ಗುರುತಿಲ್ಲದ ಕಾರ್ಯವು ಕೆಲವೊಮ್ಮೆ ಕೌಂಟರಿನಲ್ಲಿಯೇ ತಪ್ಪನ್ನು ಮುಖಕ್ಕೆ ಎಸೆಯಬಹುದು, ಕೆಲವೊಮ್ಮೆ ಟೋಕನ್ನಿನ ಮೂಲಕ ತಿಳಿಸಬಹುದು. ಗುರುತಿದ್ದರೆ ತಪ್ಪು ಯಾವಾಗಲೂ ಟೋಕನ್ನಿನ ಮೂಲಕವೇ ಬರುತ್ತದೆ. ಅದನ್ನು ಎದುರುಗೊಳ್ಳಲು ಒಂದೇ ಕ್ರಮ ಸಾಕು. ಏಕರೂಪತೆಯ ಪ್ರಯೋಜನ ಇದೇ.

ಯಾವ ಕಾರ್ಯ ಟೋಕನ್ ಕೊಡುತ್ತದೆ ಎಂಬ ಅರಿವು ಈ ಮೂರೂ ನಿಯಮಗಳಿಗೆ ಬೇಕು. ಅದನ್ನು ಒದಗಿಸುವುದು 2012ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಟೈಪ್‌ಸ್ಕ್ರಿಪ್ಟ್ ಭಾಷೆ. ಆದ್ದರಿಂದ ಇವು ಇಎಸ್‌ಲಿಂಟ್‌ನ ಮೂಲದಲ್ಲಿಲ್ಲ. ‘ಟೈಪ್‌ಸ್ಕ್ರಿಪ್ಟ್ ಇಎಸ್‌ಲಿಂಟ್’ ಎಂಬ ಜೋಡಣೆಯಲ್ಲಿವೆ.

ನಿಯಮಗಳ ಮಿತಿ

ನಿಯಮಗಳೂ ಶಾಶ್ವತವಲ್ಲ. ‘ನೋ ರಿಟರ್ನ್ ಅವೇಟ್’ ಎಂಬ ನಿಯಮವನ್ನು ಇಎಸ್‌ಲಿಂಟ್ 2023ರಲ್ಲಿ ಕೈಬಿಡುವುದಾಗಿ ಸಾರಿತು. ಅದು ನಿಷೇಧಿಸುತ್ತಿದ್ದ ಬರವಣಿಗೆ ಭಾಷೆ ಸುಧಾರಿಸಿದ ಮೇಲೆ ದುಬಾರಿಯಾಗಿ ಉಳಿದಿರಲಿಲ್ಲ. ಇನ್ನು, ಸಾವಿರ ರೂಪಾಯಿಯ ಬದಲು ಹತ್ತು ಸಾವಿರ ವರ್ಗಾಯಿಸುವಂತೆ ಬರೆದಿದ್ದರೆ ಲಿಂಟ್ ಅದನ್ನು ಅರಿಯದು. ವಿವೇಚನೆ ಮನುಷ್ಯನದೇ.

ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ದೃಢೀಕರಿಸುವ ಪದ್ಧತಿಯಿದೆ. ಅದು ನೌಕರರ ಮೇಲಿನ ಅಪನಂಬಿಕೆಯಲ್ಲ, ಗ್ರಾಹಕರ ರಕ್ಷಣೆ. ಲಿಂಟ್ ಕೂಡ ಅಂಥದೇ. ನಿಯಮಕ್ಕೆ ವಿನಾಯಿತಿ ನೀಡಲೇಬೇಕಾದಲ್ಲಿ ಕಾರಣವನ್ನು ಅಲ್ಲಿಯೇ ಬರೆದಿಡುವುದು ಒಳಿತು. ಮುಂದೆ ಆ ಸಾಲನ್ನು ಓದುವವರು ಬೇರೆಯವರಾಗಿರುತ್ತಾರೆ.