ಗೋಸುಂಬೆ ಬಣ್ಣ ಬದಲಿಸೋದು ಅಡಗಿಕೊಳ್ಳೋಕಲ್ಲ: ಮನೆಗೆ ತಂದು ಸಾಕಿದ್ರೆ ಕೇಸ್ ಬೀಳುತ್ತೆ

ಮಡಿಕೇರಿ: ಕಾಫಿ ತೋಟದ ಬೇಲಿ ಮೇಲೆ ಕೆಂಪು ತಲೆ ಆಡಿಸ್ತಾ ಕೂತಿರೋದನ್ನ ನೋಡಿ 'ಗೋಸುಂಬೆ ಕಂಡೆ' ಅನ್ನೋರು ಇದ್ದಾರೆ. ಅದು ಗೋಸುಂಬೆ ಅಲ್ಲ, ಓತಿಕ್ಯಾತ. ಸಂತಾನದ ಕಾಲದಲ್ಲಿ ಗಂಡಿನ ತಲೆ, ಕತ್ತು ಕೆಂಪಾಗುತ್ತೆ, ಅಷ್ಟೇ.

ನಿಜವಾದ ಗೋಸುಂಬೆ, ಅಂದ್ರೆ ಊಸರವಳ್ಳಿ, ಓತಿಕ್ಯಾತದ ಹಾಗೆ ಸರ್ರನೆ ಓಡಲ್ಲ. ಗಾಳಿಗೆ ಎಲೆ ಅಲ್ಲಾಡಿದ ಹಾಗೆ ತೂಗಾಡುತ್ತಾ ನಡೆಯುತ್ತೆ. ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ, ಬಾಲ ಸುರುಳಿ. ಇದಕ್ಕೆ ಒಣ ಕಾಡು, ಕುರುಚಲು ಗಿಡ ಇಷ್ಟ. ಹಾಗಾಗಿ ಭಾಗಮಂಡಲದ ಮಳೆಕಾಡಿಗಿಂತ ಕುಶಾಲನಗರ ದಾಟಿ ಮೈಸೂರು ಕಡೆ ಹೋದಾಗ ಕಣ್ಣಿಗೆ ಬೀಳೋ ಸಾಧ್ಯತೆ ಹೆಚ್ಚು.

ಕೂತ ಜಾಗದ ಬಣ್ಣಕ್ಕೆ ತಿರುಗುತ್ತೆ ಅನ್ನೋದು ತಪ್ಪು ಕಲ್ಪನೆ. ಕೆಂಪು ಬಟ್ಟೆ ಮೇಲೆ ಬಿಟ್ರೆ ಕೆಂಪಾಗಲ್ಲ. ಬಿಸಿಲು, ಚಳಿ, ಭಯ, ಸಿಟ್ಟು, ಎದುರಾಳಿ, ಹೆಣ್ಣು, ಬಣ್ಣ ಬದಲಾಗೋದು ಇವುಗಳಿಗೆ. ಬೆಳಿಗ್ಗೆ ಮೈ ತಣ್ಣಗಿದ್ರೆ ಕಡು ಬಣ್ಣಕ್ಕೆ ತಿರುಗಿ ಬಿಸಿಲು ಹೀರುತ್ತೆ. ಪಕ್ಷ ಬದಲಿಸೋ ರಾಜಕಾರಣಿಗೆ ಗೋಸುಂಬೆ ಅಂತೀವಲ್ಲ, ಅದು ಈ ಪ್ರಾಣಿಗೆ ಮಾಡೋ ಅನ್ಯಾಯ. ಇದು ಒಳಗಿರೋದನ್ನ ಮುಚ್ಚಿಡಲ್ಲ, ಮೈ ಮೇಲೇ ತೋರಿಸುತ್ತೆ.

ಹೇಗೆ ಬದಲಾಗುತ್ತೆ ಅನ್ನೋದನ್ನ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರ್‌ನ ಗೋಸುಂಬೆ ಮೇಲೆ ಅಧ್ಯಯನ ಮಾಡಿ 2015ರಲ್ಲಿ ವಿವರಿಸಿದ್ರು. ಚರ್ಮದ ಜೀವಕೋಶಗಳಲ್ಲಿ ಅತಿ ಸಣ್ಣ ಹರಳುಗಳು ಸಾಲಾಗಿ ಇರುತ್ತವೆ. ಪ್ರಾಣಿ ಆರಾಮಾಗಿದ್ದಾಗ ಹರಳುಗಳು ಹತ್ತಿರ ಹತ್ತಿರ ಇದ್ದು ನೀಲಿ ಬೆಳಕನ್ನ ವಾಪಸ್ ಕಳಿಸುತ್ತವೆ. ಚರ್ಮದಲ್ಲಿರೋ ಹಳದಿ ಅದರ ಜೊತೆ ಸೇರಿದ್ರೆ ನಮಗೆ ಹಸಿರು ಕಾಣುತ್ತೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಹಳದಿ, ಕೆಂಪು ಕಾಣುತ್ತೆ.

ಇನ್ನು ಸಾಕೋ ವಿಷಯ. ಕೈಗೆತ್ತಿಕೊಂಡ ತಕ್ಷಣ ಕಪ್ಪಾದ್ರೆ ಮಕ್ಕಳು ಚಪ್ಪಾಳೆ ತಟ್ಟಬಹುದು, ಆದ್ರೆ ಅದು ಹೆದರಿದೆ ಅಂತ ಅರ್ಥ. ಇದಕ್ಕೆ ಜೀವಂತ ಹುಳ ಬೇಕು, ಬಿಸಿಲು ಬೇಕು. ಬಟ್ಟಲಲ್ಲಿ ನೀರಿಟ್ರೆ ಸಾಮಾನ್ಯವಾಗಿ ಮುಟ್ಟಲ್ಲ, ಎಲೆ ಮೇಲಿನ ಹನಿ ನೆಕ್ಕುತ್ತೆ. ಒಂಟಿಯಾಗಿ ಬದುಕೋ ಪ್ರಾಣಿ, ಡಬ್ಬದಲ್ಲಿ ಇಟ್ರೆ ಸೊರಗಿ ಸಾಯುತ್ತೆ.

ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯೋದು, ಸಾಕೋದು, ಮಾರೋದು ಎಲ್ಲವೂ ಅಪರಾಧ. ಜೈಲು, ದಂಡ ಎರಡೂ ಆಗಬಹುದು.

ಇದರಲ್ಲಿ ವಿಷ ಇಲ್ಲ, ಕಲ್ಲು ಹೊಡೆಯೋ ಅಗತ್ಯ ಇಲ್ಲ. ರಸ್ತೆ ದಾಟ್ತಾ ಇದ್ರೆ ಗಾಡಿ ನಿಲ್ಲಿಸಿ, ಒಂದು ಕೋಲಿಗೆ ಹತ್ತಿಸಿ, ಅದು ಹೋಗ್ತಿದ್ದ ಕಡೆಯ ಗಿಡಕ್ಕೆ ಬಿಡಿ. ಗಾಯ ಆಗಿದ್ರೆ ಅಥವಾ ಯಾರಾದ್ರೂ ಮಾರ್ತಿದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.