ಕರೆಂಟು ಹೋದಾಗ ಕವಡೆ ಬಂತು

ಕಡಲೆಕಾಯಿ ಬಿಡಿಸೋ ಕೆಲಸ ಮುಗಿದಿತ್ತು. ಮಡಕಶಿರಾ ಕಡೆಯ ಒಂದು ಕನ್ನಡ ಶಾಲೆಯಿಂದ ಪದ್ಯ ಹೇಳಲು ಕರೆ ಬಂತು, ಹೋದೆ. ತರಗತಿಯ ಗೋಡೆಗೆ ಬಾಗಿಲಷ್ಟು ದೊಡ್ಡ ಟಿವಿ. ಬೆರಳಲ್ಲೇ ಅದರ ಮೇಲೆ ಬರೆಯಬಹುದು, ಅಳಿಸಬಹುದು. ಗ್ರಹಗಳ ಪಾಠ ನಡೆದಿತ್ತು, ದನಿ ಮಾತ್ರ ತೆಲುಗಿನದು. ಹದಿನೈದು ನಿಮಿಷಕ್ಕೆ ಕರೆಂಟು ಹೋಯ್ತು. ನೋಡಿದ್ದೇನು ಹೇಳ್ರಪ್ಪಾ ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ.

ಹಿಂದಿನ ಸಾಲಿನ ಹುಡುಗಿಯ ಕಂಪಾಸು ಡಬ್ಬಿಯಲ್ಲಿ ನಾಲ್ಕು ಕವಡೆ ಸಿಕ್ಕವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ ಗೀಚಿದೆ. ನಮ್ಮ ಚೌಕಾಬಾರ, ತೆಲುಗಿನ ಅಷ್ಟಾಚೆಮ್ಮಾ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು, ಅಂದರೆ ಬಾರ. ಈ ಎರಡು ಗರ ಯಾಕೆ ಇಷ್ಟು ಅಪರೂಪ ಅಂತ ಕೇಳಿದೆ. "ಅದೃಷ್ಟ ತಾತಾ" ಅಂದರು. ಹಾಗಾದರೆ ಬರೆದು ನೋಡೋಣ ಅಂದೆ. ನಾಲ್ಕು ಕವಡೆ ಬೀಳೋ ಬಗೆ ಒಟ್ಟು 16. ಒಂದು ಬಾಯಿ ಮೇಲಾಗೋದು 4 ಬಗೆ, ಎರಡು 6 ಬಗೆ, ಮೂರು 4 ಬಗೆ. ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಲೆಕ್ಕದ ಪ್ರಕಾರ ನೂರು ಸಲ ಎಸೆದರೆ ಚೌಕ ಆರೇಳು ಸಲ ಬೀಳಬೇಕು. ಮಕ್ಕಳು ಬೋರ್ಡಿನ ಮೇಲೆ ಗೀಟು ಎಳೆಯುತ್ತಾ ನೂರು ಸಲ ಎಸೆದರು. ಒಂಬತ್ತು ಬಿತ್ತು. ಲೆಕ್ಕ ತಪ್ಪಾಯ್ತಲ್ಲ ಅಂದಾಗ ಒಬ್ಬ ಹುಡುಗ ಕವಡೆ ಕೈಗೆತ್ತಿಕೊಂಡು, "ಇದರ ಬೆನ್ನು ಉಬ್ಬು, ಬಾಯಿ ಚಪ್ಪಟೆ, ಎರಡೂ ಕಡೆ ಸಮ ಬೀಳಲ್ಲ" ಅಂದ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಈ ಮಾತು ಹೊಳೆದಿರಲಿಲ್ಲ, ನಿಜ ಹೇಳ್ತೀನಿ.

ಆಮೇಲೆ ಮಾತಿನ ಆಟ. ಎರಡು ಸಾಲು ಮಾಡಿದೆ. ಒಂದು ಸಾಲು ತೆಲುಗು ಮಾತು ಎಸೆಯಬೇಕು, ಇನ್ನೊಂದು ಕನ್ನಡದಲ್ಲಿ ಹಿಡಿಯಬೇಕು. ಪಾಲು, ಹಾಲು. ಪುಲಿ, ಹುಲಿ. ಪಂದಿ, ಹಂದಿ. ಪೆಸಲು ಅಂದರೆ ಹೆಸರುಕಾಳು. ಹತ್ತು ಮಾತು ಆಗೋ ಹೊತ್ತಿಗೆ ತೆಲುಗಿನ 'ಪ' ಕನ್ನಡಕ್ಕೆ ಬಂದು 'ಹ' ಆಗುತ್ತೆ ಅಂತ ಅವರೇ ಕೂಗಿದರು. ಹಳಗನ್ನಡದಲ್ಲಿ ನಮಗೂ ಅದು 'ಪಾಲ್', 'ಪುಲಿ'ನೇ ಆಗಿತ್ತು ಅಂದಾಗ ಕಣ್ಣರಳಿಸಿದರು. ವೇರು ಬೇರಾಯ್ತು, ವೆನ್ನ ಬೆಣ್ಣೆಯಾಯ್ತು. ಮೋಸ ಮಾಡೋ ಮಾತುಗಳೂ ಇವೆ. ತೆಲುಗಿನ ಎದ್ದು ಎತ್ತು. ಅದಕ್ಕೇ ನಮ್ಮಲ್ಲಿ "ಎದ್ದು ಎದ್ದು ನಿಂತಿತು" ಅಂದರೂ ನಡೆಯುತ್ತೆ! ಕಲ್ಲು ಹೊತ್ತು ಸುಸ್ತಾದವನು ಕಲ್ಲು ಕುಡಿದ ಅಂದೆ. ಮನೇಲಿ ತೆಲುಗು ಮಾತಾಡೋ ಹುಡುಗ ಮೊದಲು ನಕ್ಕ. ತೆಲುಗಿನಲ್ಲಿ ಕಲ್ಲು ಅಂದರೆ ಹೆಂಡ.

ಆ ಹುಡುಗ ಕನ್ನಡ ಪಾಠದಲ್ಲಿ ತಲೆ ಎತ್ತುವವನೇ ಅಲ್ಲವಂತೆ. ತನಗೆ ಗೊತ್ತಿರೋದು ತಪ್ಪು ಭಾಷೆ ಅಂದುಕೊಂಡು ಕೂತವನು. ಗಡಿಯಲ್ಲಿ ಮಗು ಎರಡು ನುಡಿ ಹೊತ್ತು ಶಾಲೆಗೆ ಬರುತ್ತೆ, ನಾವು ಒಂದನ್ನು ಹೊಸಲಲ್ಲೇ ಇಳಿಸು ಅಂತೀವಿ. ಕನ್ನಡ ಶಾಲೆ ಸೊರಗಿದರೆ ಬರೀ ಸರ್ಕಾರವನ್ನು ಬೈದರೆ ಸಾಲದು.

ಯಂತ್ರ ಬೇಡ ಅಂತ ನಾನು ಹೇಳಲ್ಲ. ಮಂಡಿಯ ರೇಟು ನಾನೂ ಫೋನಿನಲ್ಲೇ ನೋಡೋದು. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ದೀಕ್ಷಾದಲ್ಲಿ ಕನ್ನಡ ಪಾಠಗಳಿವೆ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ತೆಗೆಯಬಹುದು. ಆದರೆ ಅವುಗಳಲ್ಲಿ ಹಲವು ಕರ್ನಾಟಕದ ಪುಸ್ತಕಕ್ಕೆ ಮಾಡಿದವು, ಆಂಧ್ರದ ಪಾಠಕ್ಕೆ ಎಲ್ಲವೂ ಹೊಂದಲ್ಲ. ಮೇಷ್ಟ್ರೇ ಆರಿಸಬೇಕು.

ಮೇಷ್ಟ್ರು ಇನ್ನೊಂದು ಉಪಾಯ ತೆಗೆದರು. ಮಕ್ಕಳು ಮನೆಯ ಫೋನಿನಲ್ಲಿ ಅಜ್ಜಿಯ ದನಿ ಹಿಡಿದು ತರಬೇಕು. ಹುರುಳಿಗೆ ಉಲವಲು, ತೊಗರಿಗೆ ಕಂದುಲು, ಹುಣಸೆಗೆ ಚಿಂತ, ಎರಡೂ ನುಡಿಯಲ್ಲಿ. ತರಗತಿಯಲ್ಲಿ ಅದನ್ನ ಕೇಳಿಸಿ, ಯಾರ ಅಜ್ಜಿ ಅಂತ ಉಳಿದವರು ಹೇಳಬೇಕು. "ಸಿಲಬಸ್ ಯಾವಾಗ ಮುಗಿಸೋದು ಸಾರ್?" ಅಂತ ಅವರೇ ಗೊಣಗಿದರು. ವಾರಕ್ಕೆ ಒಂದು ಪಿರಿಯಡ್ ಸಾಕು ಅಂದೆ.

ಅಷ್ಟರಲ್ಲಿ ಕರೆಂಟು ಬಂತು. ಮೇಷ್ಟ್ರು ಟಿವಿ ಮೇಲೆ ಬೆರಳಲ್ಲಿ 'ಪಾಲು, ಹಾಲು' ಬರೆದರು. ಕನ್ನಡ ಅಕ್ಷರ ಆ ಪರದೆ ಮೇಲೆ ಬಂದದ್ದು ಅವತ್ತೇ ಮೊದಲಂತೆ. ನನ್ನ ಪದ್ಯ ಉಳಿದೇಹೋಯ್ತು. ಹೊರಟಾಗ ಆ ಹುಡುಗಿ ಓಡಿ ಬಂದು ಕೈ ಚಾಚಿದಳು.

"ತಾತಾ, ನನ್ನ ಗವ್ವಲು ಕೊಡಿ."